ತಲುಪದ ಸುತ್ತೋಲೆ: ಮೇಲಿಂಗ್ ಲಿಸ್ಟ್ ತಂತ್ರಾಂಶದ ನಿರ್ವಹಣೆ ಕುರಿತು

2017-18ರಿಂದೀಚೆಗಿನ ಯಾವುದೇ ಹಣಕಾಸು ವರ್ಷದಲ್ಲಿ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ವರ್ತಕರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇತರ ನೋಂದಾಯಿತ ವರ್ತಕರಿಗೆ ಇ-ಇನ್‌ವಾಯ್ಸ್ ನೀಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಯಿತು. ಅಧಿಸೂಚನೆಯು ಮೇ 10ರಂದೇ ಹೊರಬಿದ್ದಿತ್ತು. ನಾನು ಲೆಕ್ಕಪರಿಶೋಧನೆ ಮಾಡುವ ಉದ್ದಿಮೆದಾರರ ಸಂಘವೊಂದು ಈ ಕುರಿತು ಸದಸ್ಯರೆಲ್ಲರಿಗೂ ಇ-ಮೇಲ್ ಸುತ್ತೋಲೆ ಕಳುಹಿಸಿತ್ತು. ಆದರೂ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸದಸ್ಯರೊಬ್ಬರು ಆಗಸ್ಟ್ ತಿಂಗಳಿಡೀ ಹಳೆಯ ಮಾದರಿಯ ಬಿಲ್ಲುಗಳನ್ನೇ ನೀಡಿದರು. ಇ-ಇನ್‌ವಾಯ್ಸ್ ಆಗಬೇಕಾದ ಬಿಲ್ಲು ಹಾಗೆ ಆಗದಿದ್ದರೆ, ನಿಯಮ 48ರಂತೆ ಅದು ಬಿಲ್ಲೆಂದೇ ಪರಿಗಣಿತವಾಗುವುದಿಲ್ಲ. ಖರೀದಿದಾರರು ತೆರಿಗೆಯ ಮೊತ್ತವನ್ನು ತಡೆಹಿಡಿದರು.

ಸುತ್ತೋಲೆ ಬರಲೇ ಇಲ್ಲವೆಂದು ಸದಸ್ಯರು, ಕಳುಹಿಸಿದ್ದೇವೆಂದು ಕಚೇರಿ. ಇಬ್ಬರ ಮಾತೂ ನಿಜವಾಗಿತ್ತು. ನಾನು ಗಣಕ ತಜ್ಞನಲ್ಲ. ಆದರೆ ದಾಖಲೆಗಳನ್ನು ಓದುವುದು ನಮ್ಮ ವೃತ್ತಿಯಾದ್ದರಿಂದ ಕುಳಿತು ನೋಡಿದೆ.

ಮೇಲಿಂಗ್ ಲಿಸ್ಟ್ ಎಂದರೆ ಒಂದೇ ವಿಳಾಸಕ್ಕೆ ಬಂದ ಪತ್ರವನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ರವಾನಿಸುವ ಏರ್ಪಾಡು. ಎರಿಕ್ ತೋಮಾ ಅವರು 1986ರಲ್ಲಿ ರೂಪಿಸಿದ ಲಿಸ್ಟ್‌ಸರ್ವ್ ಈ ಬಗೆಯ ತಂತ್ರಾಂಶಗಳಿಗೆ ಹಿರಿಯಣ್ಣ. ಮೇಲೆ ಹೇಳಿದ ಸಂಘದಲ್ಲಿದ್ದುದು ಉಚಿತವಾಗಿ ದೊರೆಯುವ ಮೇಲ್‌ಮನ್, ಅದರಲ್ಲೂ ಹಳೆಯ 2.1 ಆವೃತ್ತಿ.

ಪತ್ರವು ತಲುಪದೆ ಹಿಂದಿರುಗಿದರೆ ಅದನ್ನು ಬೌನ್ಸ್ ಎನ್ನುತ್ತಾರೆ. ಹಿಂದಿರುಗಿದ ಪತ್ರದಲ್ಲಿ ಮೂರಂಕಿಯ ಸಂಕೇತವಿರುತ್ತದೆ. 4ರಿಂದ ಆರಂಭವಾದರೆ ತಾತ್ಕಾಲಿಕ ಅಡ್ಡಿ, ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಆರಂಭವಾದರೆ ಖಚಿತ ನಿರಾಕರಣೆ. ಅಂಚೆಡಬ್ಬಿ ತುಂಬಿದೆ ಎಂಬುದನ್ನು ಕೆಲವು ಸರ್ವರ್‌ಗಳು 4 ಎಂದೂ ಕೆಲವು 5 ಎಂದೂ ತಿಳಿಸುವುದುಂಟು. ಮೇಲ್‌ಮನ್ ಪ್ರತಿ ಸದಸ್ಯರ ಹೆಸರಿನಲ್ಲಿ ಬೌನ್ಸ್‌ಗಳ ಲೆಕ್ಕವಿಡುತ್ತದೆ. ದಿನಕ್ಕೆ ಹೆಚ್ಚೆಂದರೆ ಒಂದು ಅಂಕ. ಮೂಲ ಹೊಂದಾಣಿಕೆಯಂತೆ 5 ಅಂಕಗಳಾದರೆ ಆ ವಿಳಾಸಕ್ಕೆ ರವಾನೆ ಸ್ಥಗಿತ. ನಡುವೆ 7 ದಿನ ಯಾವ ಬೌನ್ಸೂ ಬರದಿದ್ದರೆ ಹಳೆಯ ಅಂಕಗಳು ರದ್ದಾಗುತ್ತವೆ. ಸ್ಥಗಿತಗೊಂಡ ಸದಸ್ಯರಿಗೆ ವಾರಕ್ಕೊಂದರಂತೆ 3 ಎಚ್ಚರಿಕೆ ಪತ್ರಗಳು ಹೋಗುತ್ತವೆ. ಉತ್ತರ ಬಾರದಿದ್ದರೆ ಹೆಸರನ್ನೇ ಪಟ್ಟಿಯಿಂದ ತೆಗೆಯಲಾಗುತ್ತದೆ.

ನಮ್ಮ ತಯಾರಕರ ಅಂಚೆಡಬ್ಬಿಯು ವರ್ಷಾಂತ್ಯದ ಕಡತಗಳಿಂದ ಮಾರ್ಚ್ ಕೊನೆಯಲ್ಲಿ ತುಂಬಿಹೋಗಿತ್ತು. ಅವರ ವ್ಯವಹಾರವೆಲ್ಲ ದೂರವಾಣಿಯಲ್ಲೇ ನಡೆಯುತ್ತಿದ್ದುದರಿಂದ ಒಂದು ತಿಂಗಳು ಅತ್ತ ನೋಡಿರಲಿಲ್ಲ. ಸಂಘದಿಂದ ದಿನಕ್ಕೊಂದು ಸುತ್ತೋಲೆ ಹೋಗುತ್ತಿತ್ತು. ಐದಾರು ದಿನಗಳಲ್ಲಿ ರವಾನೆ ನಿಂತಿತು. ಎಚ್ಚರಿಕೆ ಪತ್ರಗಳು ಹೋದದ್ದೂ ಅದೇ ತುಂಬಿದ ಡಬ್ಬಿಗೆ! ಮೇ ತಿಂಗಳಲ್ಲಿ ಅವರು ಡಬ್ಬಿಯನ್ನು ತೆರವುಗೊಳಿಸುವ ವೇಳೆಗೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಹೀಗೆ ರವಾನೆ ನಿಂತಾಗ ಪಟ್ಟಿಯ ಮೇಲ್ವಿಚಾರಕರಿಗೂ ತಂತ್ರಾಂಶವು ಸೂಚನೆ ಕಳುಹಿಸುತ್ತದೆ. ಆದರೆ ಮೇಲ್ವಿಚಾರಕರೆಂದು ನಮೂದಾಗಿದ್ದುದು ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟ ಗುಮಾಸ್ತರ ಸ್ವಂತ ವಿಳಾಸ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ನಿಜವಾದ ಲೋಪ ಇದೇ. ಬ್ಯಾಂಕಿನಲ್ಲಿ ಸಹಿ ಮಾಡುವವರು ಬದಲಾದರೆ ಅಂದೇ ಠರಾವು ಮಾಡಿ ತಿಳಿಸುತ್ತೇವೆ. ಇಲ್ಲಿ ಯಾರಿಗೂ ನೆನಪಾಗಲಿಲ್ಲ. ಈ ವಿಳಾಸವು ವ್ಯಕ್ತಿಯದಾಗಿರದೆ ಹುದ್ದೆಯದಾಗಿರಬೇಕು, ಇಬ್ಬರಾದರೂ ಅದನ್ನು ನೋಡುತ್ತಿರಬೇಕು.

ತೊಂದರೆ ಎಲ್ಲಿದೆಯೆಂದು ತಿಳಿಯಲು ಮೇಲ್‌ಮನ್‌ನ ದಿನಚರಿ ಕಡತಗಳನ್ನು ನೋಡಬೇಕು. ಪೋಸ್ಟ್ ಎಂಬುದರಲ್ಲಿ ಪಟ್ಟಿಗೆ ರವಾನೆಯಾದ ಪತ್ರಗಳು, ವೆಟ್ ಎಂಬುದರಲ್ಲಿ ತಡೆಹಿಡಿಯಲಾದವು, ಬೌನ್ಸ್ ಎಂಬುದರಲ್ಲಿ ಹಿಂದಿರುಗಿದವು ದಾಖಲಾಗುತ್ತವೆ. ಸುತ್ತೋಲೆ ಒಬ್ಬರಿಗೂ ಹೋಗಿಲ್ಲವೆಂದಾದರೆ ಮೊದಲು ವೆಟ್ ನೋಡಿರಿ. ಮೂಲ ಹೊಂದಾಣಿಕೆಯಲ್ಲಿ ಪತ್ರದ ಗಾತ್ರದ ಮಿತಿ ಕೇವಲ 40 ಕಿಲೋಬೈಟ್. ಸ್ಕ್ಯಾನ್ ಮಾಡಿದ ಒಂದೇ ಪುಟ ಸೇರಿಸಿದರೂ ಪತ್ರವು ಮೇಲ್ವಿಚಾರಕರ ಒಪ್ಪಿಗೆಗಾಗಿ ಕಾಯುತ್ತ ಕುಳಿತುಬಿಡಬಹುದು. ಸಂಸ್ಕರಿಸುವಾಗ ದೋಷ ಕಂಡುಬಂದ ಪತ್ರಗಳು ಷಂಟ್ ಎಂಬ ಪ್ರತ್ಯೇಕ ಸಾಲಿಗೆ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಸಸ್ಪೆನ್ಸ್ ಖಾತೆ. ತಾನಾಗಿ ಚುಕ್ತಾ ಆಗುವುದಿಲ್ಲ.

ಇನ್ನೊಂದು ಬಗೆಯ ತೊಂದರೆ 2014ರ ಏಪ್ರಿಲ್‌ನಲ್ಲಿ ತಲೆದೋರಿತು. ತನ್ನ ವಿಳಾಸದ ಹೆಸರಿನಲ್ಲಿ ಬರುವ, ಆದರೆ ತನ್ನ ಪ್ರಮಾಣೀಕರಣಕ್ಕೆ ತಾಳೆಯಾಗದ ಪತ್ರಗಳನ್ನು ತಿರಸ್ಕರಿಸಿರೆಂದು ಯಾಹೂ ಸಂಸ್ಥೆಯು ಡಿಎಂಎಆರ್‌ಸಿ ವ್ಯವಸ್ಥೆಯ ಮೂಲಕ ಪ್ರಕಟಿಸಿತು. ಯಾಹೂ ವಿಳಾಸದ ಸದಸ್ಯರೊಬ್ಬರು ಪಟ್ಟಿಗೆ ಬರೆದರೆ, ಪತ್ರ ಹೊರಡುವುದು ಪಟ್ಟಿಯ ಸರ್ವರ್‌ನಿಂದ. ಪಟ್ಟಿಯ ತಂತ್ರಾಂಶವು ವಿಷಯದ ಸಾಲಿಗೆ ಪಟ್ಟಿಯ ಹೆಸರನ್ನೂ ಕೆಳಗೆ ಅಡಿಟಿಪ್ಪಣಿಯನ್ನೂ ಸೇರಿಸುವುದರಿಂದ ಮೂಲ ಡಿಜಿಟಲ್ ಸಹಿಯೂ ಕೆಡುತ್ತದೆ. ಇತರ ಕಂಪನಿಗಳ ಸರ್ವರ್‌ಗಳು ಅದನ್ನು ತಿರಸ್ಕರಿಸುತ್ತವೆ. ಬರೆದವರು ಒಬ್ಬರು, ಬೌನ್ಸ್ ಅಂಕ ಬೀಳುವುದು ಸ್ವೀಕರಿಸಬೇಕಾಗಿದ್ದ ನಿರಪರಾಧಿಗಳ ಹೆಸರಿಗೆ. ಒಂದೇ ವಾರದಲ್ಲಿ ಹಲವರ ರವಾನೆ ಒಟ್ಟಿಗೆ ನಿಂತಿದ್ದರೆ ಇದೇ ಕಾರಣವೆಂದು ಶಂಕಿಸಬಹುದು. 2.1.18 ಮತ್ತು ಅನಂತರದ ಆವೃತ್ತಿಗಳಲ್ಲಿ, ಇಂತಹ ಪತ್ರಗಳ ಕಳುಹಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸವನ್ನೇ ನಮೂದಿಸುವ ಆಯ್ಕೆಯಿದೆ. ಅದನ್ನು ಆನ್ ಮಾಡಿಸತಕ್ಕದ್ದು.

2.1 ಆವೃತ್ತಿಯು ಪೈಥಾನ್ 2 ಭಾಷೆಯನ್ನು ಅವಲಂಬಿಸಿದೆ. ಆ ಭಾಷೆಗೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ಆದ್ದರಿಂದ 2015ರಲ್ಲಿ ಬಿಡುಗಡೆಯಾದ ಮೇಲ್‌ಮನ್ 3ಕ್ಕೆ ಬದಲಾಗುವುದು ಒಳಿತು. ಜಿಮೇಲ್ 2024ರ ಫೆಬ್ರವರಿಯಿಂದ ಕಳುಹಿಸುವವರೆಲ್ಲರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಪ್ರಮಾಣೀಕರಣ ಹೊಂದಿರಬೇಕೆಂದು ವಿಧಿಸಿರುವುದರಿಂದ ಅದನ್ನೂ ಅದೇ ವೇಳೆಗೆ ಸರಿಪಡಿಸಿಕೊಳ್ಳಬಹುದು.

ಈಗ ಆ ಸಂಘದಲ್ಲಿ ಪ್ರತಿ ತಿಂಗಳ 1ನೇ ತಾರೀಖಿನಂದು ಚಂದಾ ಪುಸ್ತಕದ ಹೆಸರುಗಳನ್ನು ಮೇಲಿಂಗ್ ಲಿಸ್ಟಿನೊಡನೆ ತಾಳೆ ನೋಡುತ್ತಾರೆ. ಮೊದಲ ಬಾರಿ ನೋಡಿದಾಗ ಚಂದಾ ತಪ್ಪದೆ ಕಟ್ಟುತ್ತಿದ್ದ 17 ಮಂದಿ ಪಟ್ಟಿಯಲ್ಲಿರಲಿಲ್ಲ. ಅವರಲ್ಲಿ ಯಾರೊಬ್ಬರೂ ದೂರು ನೀಡಿರಲಿಲ್ಲ.