ಗುಟ್ಟು ಬಿಟ್ಟುಕೊಡದ ಗೂಢಚಾರರು

ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಟಿ.ವಿ. ಮುಂದಿನಿಂದ ಏಳಲು ಮನಸ್ಸು ಬಾರದಂತೆ ಮಾಡುವ ಶಕ್ತಿ ಯಾವ ಕಥೆಗಿದೆ? ಅತ್ತೆ-ಸೊಸೆಯರ ಕಣ್ಣೀರಿನ ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಬಹುದು. ನಾಳೆಯೂ ಅದೇ ಕಣ್ಣೀರು ಇದ್ದೇ ಇರುತ್ತದೆ. ಆದರೆ ಕಳ್ಳ ಯಾರು, ಗೂಢಚಾರ ಸಿಕ್ಕಿಬೀಳುತ್ತಾನೋ ಪಾರಾಗುತ್ತಾನೋ ಎಂಬ ಪ್ರಶ್ನೆ ಮನಸ್ಸಿನೊಳಗೆ ಹೊಕ್ಕಿತೆಂದರೆ ಉತ್ತರ ಸಿಗುವವರೆಗೆ ನೆಮ್ಮದಿಯಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಊರುಗಳು ಬೆಂಗಳೂರಿನ ಮಗ್ಗುಲಲ್ಲೇ ಇರುವಂಥವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಬೀದಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲವದು. ಛಾವಣಿ ಹತ್ತಿ ಆಂಟೆನಾ ತಿರುಗಿಸುವವನು ಒಬ್ಬ, ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು!" ಎಂದು ಕೂಗುವವರು ಹತ್ತು ಮಂದಿ. ಅಂಥ ದಿನಗಳಲ್ಲಿ, 1985ರಲ್ಲಿ, ಪಂಕಜ್ ಪರಾಶರ್ ನಿರ್ದೇಶನದ 'ಕರಮ್‌ಚಂದ್' ಬಂತು. ಕಪ್ಪು ಕನ್ನಡಕ ಹಾಕಿಕೊಂಡು ಕ್ಯಾರೆಟ್ ಕಡಿಯುತ್ತಾ ಕೊಲೆಗಾರರನ್ನು ಹಿಡಿಯುವ ಪತ್ತೇದಾರನಾಗಿ ಪಂಕಜ್ ಕಪೂರ್, ಅವನ ಸಹಾಯಕಿ ಕಿಟ್ಟಿಯಾಗಿ ಸುಷ್ಮಿತಾ ಮುಖರ್ಜಿ. ಹಿಂದಿ ಅಷ್ಟಾಗಿ ಬಾರದವರಿಗೂ ಆ ಕ್ಯಾರೆಟ್ಟಿನ ಭಾಷೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಬಂತು. ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ ಬರೆದ ಬಂಗಾಳಿ ಕಥೆಗಳು ಅದಕ್ಕೆ ಆಧಾರ. ರಜಿತ್ ಕಪೂರ್ ನಟಿಸಿದ ಬ್ಯೋಮಕೇಶನಿಗೆ ತನ್ನನ್ನು ಪತ್ತೇದಾರ ಎಂದು ಕರೆದರೆ ಹಿಡಿಸದು. 'ಸತ್ಯಾನ್ವೇಷಿ' ಎಂಬುದೇ ಅವನಿಗೆ ಇಷ್ಟವಾದ ಹೆಸರು. ಧೋತಿ ಉಟ್ಟ ಸಾಧಾರಣ ಮನುಷ್ಯ. ಕೂಗಾಟವಿಲ್ಲ, ಹೊಡೆದಾಟವಿಲ್ಲ. ಕೇಳುತ್ತಾನೆ, ನೋಡುತ್ತಾನೆ, ಯೋಚಿಸುತ್ತಾನೆ. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನ ಇದನ್ನು ಮತ್ತೆ ಪ್ರಸಾರ ಮಾಡಿದಾಗ, ಅಂದು ಕಣ್ಣರಳಿಸಿ ನೋಡಿದ್ದ ಹುಡುಗಿಯರು ತಾಯಂದಿರಾಗಿ ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂತಾಯಿತು.

ಎಳೆಯ ತುದಿ ಸಿಗುವ ಸುಖ

ಈ ಕಥೆಗಳ ಸೆಳೆತ ಎಲ್ಲಿದೆ? ರಾಮನಗರ, ಕನಕಪುರದ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ನೂರಾರು ಮೀಟರ್ ಉದ್ದದ ನೂಲಿನ ತುದಿಯನ್ನು ಹುಡುಕಿ ತೆಗೆಯುವ ಕೆಲಸ ಬಲ್ಲ ಮನೆಗಳು ಅಲ್ಲಿ ಎಷ್ಟೋ ಇವೆ. ತುದಿ ಸಿಗುವವರೆಗೆ ಗೂಡು ಬರೀ ಗೂಡು. ತುದಿ ಸಿಕ್ಕಿತೋ, ಇಡೀ ಗೂಡು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಳೆದರೆ ಹರಿಯುತ್ತದೆ, ಬಿಟ್ಟರೆ ಸಿಕ್ಕಾಗುತ್ತದೆ. ಪತ್ತೇದಾರಿ ಕಥೆಯೂ ಹೀಗೆಯೇ ತಾಳ್ಮೆಯಿಂದ ಬಿಚ್ಚಬೇಕಾದ ಗೂಡು. ತೋಳ್ಬಲವಿಲ್ಲದವರೂ ಬುದ್ಧಿಯಿಂದ ಗೆಲ್ಲಬಹುದು ಎಂಬ ಭರವಸೆ ಅದರಲ್ಲಿದೆ. ಮನೆಯೊಳಗೆ ದನಿ ಏರಿಸಲಾಗದ ಹೆಣ್ಣಿಗೆ ಅದು ಸಣ್ಣ ಭರವಸೆಯಲ್ಲ.

ಕನ್ನಡಿಗರಿಗೆ ಈ ರುಚಿ ಟಿ.ವಿ.ಗಿಂತ ಹಳೆಯದು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರ ಬೆನ್ನು ಹತ್ತಿ ಓದು ಕಲಿತವರು ಒಬ್ಬಿಬ್ಬರಲ್ಲ. 1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಕನ್ನಡಕ್ಕೊಬ್ಬ ಗೂಢಚಾರನನ್ನು ಕೊಟ್ಟರು.

ಉರ್ದು ಓದುವ ನಮ್ಮ ಮನೆಗಳಲ್ಲಿ ಇನ್ನೊಂದು ಹೆಸರಿತ್ತು: ಇಬ್ನೆ ಸಫಿ. 1928ರಲ್ಲಿ ಅಲಹಾಬಾದ್ ಸೀಮೆಯಲ್ಲಿ ಹುಟ್ಟಿದ ಅಸ್ರಾರ್ ಅಹ್ಮದ್ ಎಂಬ ಶಿಕ್ಷಕರು ಈ ಹೆಸರಿನಲ್ಲಿ 1952ರಿಂದ 'ಜಾಸೂಸಿ ದುನಿಯಾ'ವನ್ನೂ 1955ರಿಂದ 'ಇಮ್ರಾನ್' ಸರಣಿಯನ್ನೂ ಬರೆದರು. ದೇಶ ವಿಭಜನೆಯ ಬಳಿಕ ಕರಾಚಿಗೆ ಹೋದರೂ ಅವರ ಪುಸ್ತಕಗಳು ಅಲಹಾಬಾದಿನಿಂದಲೂ ಪ್ರಕಟವಾಗುತ್ತಲೇ ಇದ್ದವು. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಕಾದಂಬರಿಗಳು ಬಂದಿದ್ದವು. ಅಶ್ಲೀಲವಿಲ್ಲದೆಯೂ ಪುಸ್ತಕ ಮಾರಾಟವಾಗುತ್ತದೆ ಎಂದು ತೋರಿಸಿಕೊಟ್ಟವರು ಅವರು. ಅವರ ನಾಯಕ ಅಲಿ ಇಮ್ರಾನ್ ಎಲ್ಲರ ಕಣ್ಣಿಗೆ ಪೆದ್ದ. ಆದರೆ ಅವನೇ ದೇಶದ ಗುಪ್ತ ಪಡೆಯ ಮುಖ್ಯಸ್ಥ 'ಎಕ್ಸ್-ಟೂ' ಎಂಬುದು ಅವನ ಕೈಕೆಳಗಿನ ಬಹುತೇಕರಿಗೂ ತಿಳಿಯದು! ಓದುಗರಿಗೆ ಗೊತ್ತು. ಆ ಗುಟ್ಟಿನಲ್ಲಿ ನಾವೂ ಪಾಲುದಾರರು ಎಂಬುದೇ ದೊಡ್ಡ ಸುಖ.

ಹೊರದೇಶಗಳಲ್ಲೂ ಇದೇ ಕಥೆ. 1966ರಿಂದ 1973ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಮಿಷನ್: ಇಂಪಾಸಿಬಲ್' 171 ಕಂತುಗಳನ್ನು ಕಂಡಿತು. ಆದೇಶ ನೀಡಿದ ಟೇಪು ಕೆಲವೇ ಕ್ಷಣಗಳಲ್ಲಿ ಹೊಗೆಯಾಡಿ ತಾನೇ ನಾಶವಾಗುವ ದೃಶ್ಯ ಲೋಕಪ್ರಸಿದ್ಧ. ಅಲ್ಲಿನ ಗೂಢಚಾರರ ತಂಡದಲ್ಲಿ ಹೆಣ್ಣಿಗೂ ಸಮಪಾಲು ಇತ್ತು. ಆ ಪಾತ್ರ ಮಾಡಿದ ಬಾರ್ಬರಾ ಬೇನ್ ಸತತ ಮೂರು ವರ್ಷ ಎಮ್ಮಿ ಪ್ರಶಸ್ತಿ ಪಡೆದರು.

ನಮ್ಮ ನೆಲದ ನಂಟಿನ ನೂರ್

ತೆರೆಯ ಮೇಲಿನ ಗೂಢಚಾರನಿಗೆ ಕೋಟಿನ ಇಸ್ತ್ರಿಯೂ ಕೆಡುವುದಿಲ್ಲ. ನಿಜವಾದ ಗೂಢಚಾರರ ಬದುಕು ಹೇಗಿರುತ್ತದೆ? ಅದಕ್ಕೆ ಒಬ್ಬ ಹೆಣ್ಣುಮಗಳ ಕಥೆಯನ್ನೇ ನೋಡೋಣ.

ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಬರೋಡಾದ ಸೂಫಿ ಸಂಗೀತಗಾರ ಹಜ್ರತ್ ಇನಾಯತ್ ಖಾನ್. ತಾಯಿ ಅಮೆರಿಕದವರು. ತಂದೆಯ ಕಡೆಯಿಂದ ನೂರ್ ಟಿಪ್ಪು ಸುಲ್ತಾನರ ವಂಶಕ್ಕೆ ಸೇರಿದವರು. ಚನ್ನಪಟ್ಟಣದ ಅರಗಿನ ಬೊಂಬೆಗಳ ಕಸುಬನ್ನು ಟಿಪ್ಪುವಿನ ಹೆಸರಿನೊಂದಿಗೇ ನೆನೆಯುವ ಜನ ನಾವು. ಹಾಗಾಗಿ ಈಕೆ ನಮಗೆ ತೀರಾ ದೂರದವಳೇನಲ್ಲ.

ತಂದೆ ತೀರಿಹೋದಾಗ ನೂರ್‌ಗೆ 13 ವರ್ಷ. ದುಃಖದಲ್ಲಿ ಮುಳುಗಿದ ತಾಯಿಯನ್ನೂ ತಮ್ಮಂದಿರು ಮತ್ತು ತಂಗಿಯನ್ನೂ ನೋಡಿಕೊಂಡದ್ದು ಅವಳೇ. ಪ್ಯಾರಿಸ್‌ನಲ್ಲಿ ಓದಿ ಮಕ್ಕಳಿಗಾಗಿ ಕಥೆ ಬರೆದಳು. 1939ರಲ್ಲಿ ಅವಳ ಜಾತಕ ಕಥೆಗಳ ಪುಸ್ತಕ ಪ್ರಕಟವಾಯಿತು. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸನ್ನು ಆಕ್ರಮಿಸಿದಾಗ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು, ಬಳಿಕ ಗುಪ್ತ ಸೇವೆಗೆ ಆಯ್ಕೆಯಾದಳು. ಇವಳಿಗೆ ಬುದ್ಧಿ ಸಾಲದೆಂಬಂತೆ ತರಬೇತಿ ವರದಿಯೊಂದು ಅವಳ ಬಗ್ಗೆ ಹಗುರವಾಗಿ ಬರೆಯಿತು.

ಆದರೂ 1943ರ ಜೂನ್‌ನಲ್ಲಿ, ಶತ್ರುವಶವಾಗಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳೇ ಆದಳು. ಗುಪ್ತನಾಮ 'ಮೆಡಲೀನ್'. ಹೋದ ಕೆಲವೇ ದಿನಗಳಲ್ಲಿ ಸಂಗಾತಿಗಳು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು. ಹಿಂದಿರುಗಿ ಬಾ ಎಂದರೂ ಅವಳು ಒಪ್ಪಲಿಲ್ಲ. ಪ್ಯಾರಿಸ್ಸಿನ ಕೊಂಡಿ ಕಡಿದುಹೋಗಬಾರದೆಂದು, ಭಾರವಾದ ಯಂತ್ರವನ್ನು ಹೊತ್ತು ಮನೆಯಿಂದ ಮನೆಗೆ ಬದಲಾಯಿಸುತ್ತಾ ಸಂದೇಶ ಕಳಿಸಿದಳು. ಅಕ್ಟೋಬರ್‌ನಲ್ಲಿ ದ್ರೋಹವೊಂದರಿಂದ ಸಿಕ್ಕಿಬಿದ್ದಳು. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಬಳಿಕ ತಿಂಗಳುಗಟ್ಟಲೆ ಸಂಕೋಲೆಯಲ್ಲಿ ಒಂಟಿ ಸೆರೆ. ಸಂದೇಶಗಳ ಪ್ರತಿಗಳಿದ್ದ ಅವಳ ಪುಸ್ತಕ ಶತ್ರುಗಳ ಕೈಸೇರಿ ಅನಾಹುತಕ್ಕೆ ಕಾರಣವಾಯಿತು ನಿಜ. ಆದರೆ ಅವಳ ಬಾಯಿಂದ ಗುಟ್ಟು ಹೊರಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಮೂವರು ಸಂಗಾತಿಗಳೊಂದಿಗೆ ಅವಳನ್ನು ಗುಂಡಿಕ್ಕಿ ಕೊಂದರು. ಆಗ ಅವಳಿಗೆ ಮೂವತ್ತೇ ವರ್ಷ. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು. 2012ರಲ್ಲಿ ಲಂಡನ್ನಿನಲ್ಲಿ ಅವಳ ಪ್ರತಿಮೆ ನಿಂತಿತು.

ಗಮನಿಸಿ ಸಹೋದರಿಯರೇ, ನೂರ್ ದೊಡ್ಡವಳಾದದ್ದು ಇನ್ನೊಬ್ಬರ ಗುಟ್ಟನ್ನು ಕೆದಕಿದ್ದಕ್ಕಲ್ಲ. ತನ್ನನ್ನು ನಂಬಿದವರ ಗುಟ್ಟನ್ನು ಪ್ರಾಣ ಕೊಟ್ಟು ಕಾಯ್ದದ್ದಕ್ಕೆ.

ಮನೆಯೊಳಗಿನ ಜಾಸೂಸರು

ಈಗ ನಮ್ಮ ಮನೆಗಳತ್ತ ತಿರುಗೋಣ. ಟಿ.ವಿ. ಆರಿಸಿದ ಮೇಲೆ ನಮ್ಮೊಳಗಿನ ಪತ್ತೇದಾರ ಮಲಗುತ್ತಾನೆಯೇ? ಸೊಸೆ ತವರಿಗೆ ಫೋನ್ ಮಾಡಿ ಏನು ಹೇಳಿದಳು? ಪಕ್ಕದ ಮನೆಯ ಹುಡುಗಿ ತಡವಾಗಿ ಬಂದದ್ದೇಕೆ? ಮಲಗಿರುವ ಗಂಡನ ಮೊಬೈಲಿನಲ್ಲಿ ಏನಿದೆ? ಸಿಕ್ಕ ಅರ್ಧ ಎಳೆಗೆ ಊಹೆಯ ಬಣ್ಣ ಬಳಿದು ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟರೆ ಸಂಜೆಯೊಳಗೆ ಒಂದು ಮನೆ ಒಡೆದಿರುತ್ತದೆ. ಕಥೆಯ ಪತ್ತೇದಾರ ಸಾಕ್ಷಿಯಿಲ್ಲದೆ ಬೆರಳು ತೋರಿಸುವುದಿಲ್ಲ. ನಮಗೆ ಸಾಕ್ಷಿಯೇ ಬೇಕಿಲ್ಲ!

ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ಗುಮಾನಿ, ಗೂಢಚರ್ಯೆ, ಪರದೂಷಣೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಆ ಕ್ರಮವನ್ನು ನೋಡಿರಿ. ಮೊದಲು ಸಂಶಯ ಹುಟ್ಟುತ್ತದೆ, ಸಂಶಯ ಇಣುಕಿ ನೋಡಲು ಹಚ್ಚುತ್ತದೆ, ಇಣುಕಿ ಕಂಡದ್ದು ನಾಲಿಗೆಗೆ ಬರುತ್ತದೆ. ಖಲೀಫಾ ಉಮರ್(ರ) ಅವರ ಬಗ್ಗೆ ಒಂದು ಘಟನೆಯನ್ನು ಹೇಳುವುದುಂಟು. ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆ ಹತ್ತಿ ಒಳಗೆ ನಡೆಯುತ್ತಿದ್ದ ತಪ್ಪನ್ನು ಅವರು ಕಂಡರಂತೆ. ತಾನು ಮಾಡಿದ ತಪ್ಪು ಒಂದು, ಆದರೆ ಖಲೀಫರು ಇಣುಕಿ ನೋಡಿ, ಬಾಗಿಲು ಬಿಟ್ಟು ಗೋಡೆ ಹತ್ತಿ, ಸಲಾಮ್ ಹೇಳದೆ ಒಳಬಂದು ಮೂರು ತಪ್ಪು ಮಾಡಿದರು ಎಂದು ಮನೆಯವನು ಉತ್ತರಿಸಿದನಂತೆ. ಉಮರ್(ರ) ಅದನ್ನು ಒಪ್ಪಿ ಹಿಂದಿರುಗಿದರಂತೆ. ಆಳುವವರಿಗೇ ಇಲ್ಲದ ಹಕ್ಕು ನಮಗೆ ಎಲ್ಲಿಂದ ಬಂತು?

ಹಾಗಾದರೆ ಮಕ್ಕಳು ಮೊಬೈಲಿನಲ್ಲಿ ಏನು ನೋಡುತ್ತಾರೆಂದು ತಾಯಿ ಗಮನಿಸಬಾರದೇ? ಖಂಡಿತ ಗಮನಿಸಬೇಕು. ಆದರೆ ಕಾವಲು ಬೇರೆ, ಕಳ್ಳನೋಟ ಬೇರೆ. "ನಿನ್ನ ಫೋನನ್ನು ಆಗಾಗ ನೋಡುತ್ತೇನೆ" ಎಂದು ಮೊದಲೇ ಹೇಳಿ ಎದುರಲ್ಲೇ ನೋಡುವುದು ಕಾವಲು. ಮಗಳು ಮಲಗಿದಾಗ ಅವಳ ಬೆರಳನ್ನೊತ್ತಿ ಬೀಗ ತೆರೆಯುವುದು ಕಳ್ಳನೋಟ. ಮೊದಲನೆಯದರಿಂದ ಮಗಳು ಎಚ್ಚರ ಕಲಿಯುತ್ತಾಳೆ, ಎರಡನೆಯದರಿಂದ ಅಡಗಿಸುವುದನ್ನು ಕಲಿಯುತ್ತಾಳೆ. ಮದುವೆ ಸಂಬಂಧ ಬಂದಾಗ ಹುಡುಗನ ನಡತೆಯನ್ನು ಬಲ್ಲವರಲ್ಲಿ ನೇರವಾಗಿ ವಿಚಾರಿಸುವುದು ಅಗತ್ಯವೇ. ಆದರೆ ಸಂಬಂಧ ಕೂಡಿಬರದಿದ್ದರೆ ಕೇಳಿ ತಿಳಿದದ್ದನ್ನು ಅಲ್ಲೇ ಹೂಳಬೇಕು. ಅದು ನಮ್ಮ ಬಳಿ ಇರುವ ಅಮಾನತ್ತು.

ಪತ್ತೇದಾರಿ ಧಾರಾವಾಹಿಯನ್ನು ಮಕ್ಕಳೊಂದಿಗೆ ಕುಳಿತು ನೋಡುವುದರಲ್ಲಿ ತಪ್ಪೇನಿಲ್ಲ. ರಕ್ತ ಚೆಲ್ಲಾಡುವ, ನಡೆದ ಅಪರಾಧವನ್ನೇ ಮಸಾಲೆ ಹಚ್ಚಿ ತೋರಿಸುವ ಕಾರ್ಯಕ್ರಮಗಳನ್ನು ಬಿಟ್ಟು, ಬುದ್ಧಿಗೆ ಕೆಲಸ ಕೊಡುವಂಥವನ್ನು ಆರಿಸಿಕೊಳ್ಳಿ. ನಡುವೆ ನಿಲ್ಲಿಸಿ "ನಿನಗೆ ಯಾರ ಮೇಲೆ ಸಂಶಯ? ಯಾಕೆ? ಸಾಕ್ಷಿ ಏನು?" ಎಂದು ಕೇಳಿ. ಆತುರದಲ್ಲಿ ಹೆಸರಿಸಿದವನು ಕೊನೆಗೆ ನಿರಪರಾಧಿಯಾಗಿ ಹೊರಬರುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ಆಮೇಲೆ ನೂರ್‌ಳ ಕಥೆ ಹೇಳಿ. ಗುಟ್ಟನ್ನು ಪತ್ತೆ ಮಾಡಲು ಜಾಣತನ ಸಾಕು, ನಂಬಿ ಹೇಳಿದ ಗುಟ್ಟನ್ನು ಉಳಿಸಿಕೊಳ್ಳಲು ಎದೆಗಾರಿಕೆ ಬೇಕು ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.