ತೊಟ್ಟು, ಉಪ್ಪು, ಒಣಗಿದ ಸೌಟು

"ತೊಟ್ಟು ಮುರಿದದ್ದು ಈ ಕಡೆ, ನೆಲಕ್ಕೆ ಬಿದ್ದದ್ದು ಆ ಕಡೆ. ಬಿದ್ದದ್ದನ್ನು ಇವತ್ತೇ ಗೊಜ್ಜು ಮಾಡಿ ತಿಂದು ಮುಗಿಸಿ."

ಸಿರ್ಸಿ ಸೀಮೆಯ ಒಂದು ಸಭಾಭವನ. ಚಾಪೆಯ ಮೇಲೆ ಅಪ್ಪೆಮಿಡಿ ಮಾವಿನ ರಾಶಿ, ಸುತ್ತ ಇಪ್ಪತ್ತು ಮಂದಿ. ಉಪ್ಪಿನಕಾಯಿ ತರಗತಿಯ ಮೊದಲ ತಾಸು ಆರಿಸುವುದರಲ್ಲೇ ಕಳೆಯಿತು. ಉಪ್ಪಿನ ಸುದ್ದಿಯೇ ಇಲ್ಲ. ತೊಟ್ಟು ಉಳಿದರೆ ಸೊನೆ ಒಳಗೇ ನಿಲ್ಲುತ್ತದೆ, ಅಪ್ಪೆಯ ಪರಿಮಳ ಇರುವುದೇ ಅದರಲ್ಲಿ. ಮರ ಹತ್ತುವ ಕೊನೆಕಾರರು ಮಿಡಿಯನ್ನು ಉದುರಿಸದೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುವುದು ಸುಮ್ಮನೆ ಅಲ್ಲ. ಪೆಟ್ಟು ತಿಂದ ಒಂದು ಮಿಡಿ ಸಾಕು, ಇಡೀ ಭರಣಿ ಹಾಳು.

ಇಂಥ ತರಗತಿಗಳನ್ನು ಹೆಚ್ಚಾಗಿ ನಡೆಸುವುದು ಕೃಷಿ ವಿಜ್ಞಾನ ಕೇಂದ್ರಗಳು. ದೇಶದ ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಈಗ ಅವು 700ಕ್ಕೂ ಹೆಚ್ಚಿವೆ. ಮಣ್ಣು, ಬೀಜ, ಗೊಬ್ಬರದವರ ಜೊತೆಗೆ ಗೃಹ ವಿಜ್ಞಾನದವರೂ ಅಲ್ಲಿರುತ್ತಾರೆ. ಉದ್ದಿಮೆ ಮಟ್ಟದ ಪಾಠ ಬೇಕೆಂದವರಿಗೆ 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಮನೆಯ ನಾಲ್ಕು ಭರಣಿಗೆ ಈ ಚಾಪೆಯೇ ಸಾಕು.

ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿದ ಮಿಡಿ ಒಂದು ಪದರ, ಹರಳುಪ್ಪು ಒಂದು ಪದರ. ಮೇಲೆ ತಟ್ಟೆ, ಅದರ ಮೇಲೆ ಕಲ್ಲು. ನೀರು ಒಂದು ಹನಿಯೂ ಹಾಕುವಂತಿಲ್ಲ. ಉಪ್ಪೇ ಮಿಡಿಯ ನೀರನ್ನು ಎಳೆದು ತೆಗೆಯುತ್ತದೆ. ಕೆಲವೇ ದಿನಗಳಲ್ಲಿ ಮಿಡಿ ಚಿರುಟಿಕೊಂಡು ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಕಲ್ಲು ಹೇರುವುದು ಅದಕ್ಕೇ: ನೀರಿನಿಂದ ಮೇಲೆ ಇಣುಕಿದ್ದಕ್ಕೆಲ್ಲ ಬೂಷ್ಟು. ಆಮೇಲೆ ಮೆಣಸು, ಸಾಸಿವೆ ಅರೆಯುವುದೂ ಅದೇ ನೀರಿನಲ್ಲಿ.

"ಬೀಪಿ ಇದೆ, ಉಪ್ಪು ಅರ್ಧ ಮಾಡಬಹುದಾ?" ಯಾರಾದರೂ ಕೇಳೇ ಕೇಳುತ್ತಾರೆ. ಮಾಡಬಹುದು, ಆದರೆ ಆ ಭರಣಿಯ ಜಾಗ ಫ್ರಿಜ್ಜು. ಉಪ್ಪು ಶೇ 15ಕ್ಕಿಂತ ಕೆಳಗಿಳಿದರೆ ಅಟ್ಟದ ಮೇಲೆ ವರ್ಷ ಕಳೆಯುವ ಆಸೆ ಬಿಡಬೇಕು. ಬೀಪಿಯವರು ಉಪ್ಪಿನಕಾಯಿಯ ಉಪ್ಪಿಗಿಂತ ಹೋಳನ್ನು ಕಡಿಮೆ ಮಾಡಲಿ ಎಂಬ ಶಿಕ್ಷಕಿಯ ಮಾತು ನನಗೂ ಸರಿ ಅನಿಸಿತು. ತರಗತಿಯಲ್ಲಿ ಮಾಡಿದ ಹಣ್ಣಿನ ಜಾಮಿನ ಸಕ್ಕರೆಯ ವಿಚಾರದಲ್ಲೂ ಇದೇ ಜಗಳ. ಜಾಮ್ ಆಯಿತೋ ಇಲ್ಲವೋ ನೋಡಲು ಅವರು ಚಮಚ ಓರೆ ಮಾಡಿ ಹಿಡಿದರು. ಮೊದಲು ಹನಿಹನಿಯಾಗಿ ತೊಟ್ಟಿಕ್ಕಿತು. ಮೂರು ನಿಮಿಷ ಬಿಟ್ಟು ಹಿಡಿದರೆ ಎರಡು ಹನಿ ಕೂಡಿ ಹಾಳೆಯಂತೆ ಜಾರಿತು. ಒಲೆ ಆರಿಸಿ ಎಂದರು. ಪುಸ್ತಕದಲ್ಲಿ ಈ ಪರೀಕ್ಷೆಯನ್ನು ಹತ್ತು ಸಲ ಓದಿದ್ದೆ, ಕಂಡದ್ದು ಅವತ್ತೇ.

ಕಳೆದ ಮಳೆಗಾಲ ನಮ್ಮನೆ ಭರಣಿ ಬೂಷ್ಟು ಹಿಡಿದಿತ್ತು. ಮಿಡಿ ಮಾರಿದವನನ್ನು ಬೈದುಕೊಂಡಿದ್ದೆ. ಶಿಕ್ಷಕಿ ಕೇಳಿದ್ದು ಒಂದೇ ಪ್ರಶ್ನೆ: "ಸೌಟು ಒಣಗಿತ್ತಾ?"

ಅಜ್ಜಿ ಭರಣಿಯ ಹತ್ತಿರ ಒದ್ದೆ ಕೈಯವರನ್ನು ಬಿಡುತ್ತಿರಲಿಲ್ಲ. ಮಡಿ ಎಂದುಕೊಂಡಿದ್ದೆವು.

ಎಲ್ಲರಿಗೂ ಒಂದೊಂದು ಸಣ್ಣ ಭರಣಿ ಸಿಕ್ಕಿತು, ಬಾಯಿಗೆ ಬಟ್ಟೆ ಕಟ್ಟಿ. ಮುಂದಿನ ತರಗತಿ ಹಲಸಿನ ಹಪ್ಪಳದ್ದು. ದಿನ ಗೊತ್ತುಮಾಡಿಲ್ಲ, ಬಿಸಿಲು ನೋಡಿ ಫೋನ್ ಮಾಡುತ್ತಾರಂತೆ.