ಅಡಿಕೆ ಬೀಜ: ತಪ್ಪಿದರೆ ಒಂದು ತಲೆಮಾರು

ಭತ್ತದ ಬೀಜ ಆರಿಸುವುದರಲ್ಲಿ ಎಡವಿದರೆ ಮುಂದಿನ ಮಳೆಗಾಲಕ್ಕೆ ತಿದ್ದಿಕೊಳ್ಳಬಹುದು. ಅಡಿಕೆಯಲ್ಲಿ ಹಾಗಲ್ಲ. ಇಂದು ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಆಮೇಲೆ ಆ ಮರ ಹಲವು ದಶಕ ತೋಟದಲ್ಲೇ ಇರುತ್ತದೆ. ಅಪ್ಪ ಆರಿಸಿದ ಬೀಜದ ಒಳಿತು ಕೆಡುಕು ಅನುಭವಿಸುವವರು ಈಗ ಶಾಲೆಗೆ ಹೋಗುತ್ತಿರುವ ಮಕ್ಕಳು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಈ ಮಾತುಕತೆಗೆ ಮಕ್ಕಳನ್ನೂ ಕೂರಿಸಿಕೊಳ್ಳುವುದು ಒಳ್ಳೆಯದು.

ಯಾವ ತಳಿ?

ದಕ್ಷಿಣ ಕನ್ನಡದವರು ಹಣ್ಣಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ. ನಮ್ಮ ಕಡೆ ಹಸಿ ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುವುದು ರೂಢಿ. ಆದ್ದರಿಂದ ಅಲ್ಲಿ ಹೆಸರು ಮಾಡಿದ ತಳಿಯೇ ಇಲ್ಲಿಗೂ ಸರಿ ಎನ್ನಲಾಗದು. ಚೀನಾ ಮೂಲದ ಬೀಜದಿಂದ ಆಯ್ದು 1972ರಲ್ಲಿ ಬಿಡುಗಡೆಯಾದ ‘ಮಂಗಳ’ ಬೇಗ ಫಲಕ್ಕೆ ಬರುತ್ತದೆ. ಬೇಯಿಸುವ ಅಡಿಕೆಗೆ ಹೆಸರಾದದ್ದು ನಮ್ಮದೇ ‘ತೀರ್ಥಹಳ್ಳಿ’ ತಳಿ. ಮೊದಲು ಯಾವ ಮಾಲು ಮಾಡುತ್ತೇವೆ ಎಂದು ನಿರ್ಧರಿಸಿ, ಆಮೇಲೆ ತಳಿ ಆರಿಸಬೇಕು.

ತಾಯಿ ಮರ

ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೆಣ್ಣು ಹೂಗಳೆರಡೂ ಇವೆ. ಆದರೆ ಗಂಡು ಹೂ ಮೊದಲು ಅರಳಿ ಉದುರುತ್ತದೆ. ಹೆಣ್ಣು ಹೂವಿಗೆ ಪರಾಗ ಸಿಗುವುದು ಹೆಚ್ಚಾಗಿ ನೆರೆಯ ಮರದಿಂದ. ಹೀಗಾಗಿ ಒಂದು ಮರ ಚೆನ್ನಾಗಿದ್ದರೆ ಸಾಲದು, ಸುತ್ತಲಿನ ಮರಗಳೂ ಚೆನ್ನಾಗಿರಬೇಕು. ಹಲವು ತಳಿ ಬೆರೆತ ತೋಟದ ‘ಮಂಗಳ’ ಬೀಜ ಅಪ್ಪಟ ಮಂಗಳವಾಗಿ ಉಳಿಯುವುದಿಲ್ಲ.

ಹತ್ತು ವರ್ಷ ದಾಟಿದ, ವರ್ಷ ಬಿಡದೆ ಫಲ ಕೊಡುವ, ತಲೆಯಲ್ಲಿ ಸೋಗೆ ದಟ್ಟವಾಗಿರುವ, ಗೆಣ್ಣುಗಳು ಒತ್ತಾಗಿರುವ ಮರ ಬೀಜಕ್ಕೆ ಯೋಗ್ಯ. ಒಂದು ವರ್ಷದ ಕೊನೆ ನೋಡಿ ಮರುಳಾಗದೆ, ಮೂರು ನಾಲ್ಕು ವರ್ಷ ಲೆಕ್ಕ ಬರೆದಿಡಬೇಕು. ಇದು ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಕೆಲಸ.

ನೀರಿನ ಪರೀಕ್ಷೆ

ನಡುವಿನ ಕೊನೆಗಳಿಂದ ಪೂರ್ತಿ ಹಣ್ಣಾದ, 35 ಗ್ರಾಂಗಿಂತ ತೂಕವಿರುವ ಅಡಿಕೆ ಆರಿಸಿ ಬಕೆಟ್ ನೀರಿಗೆ ಹಾಕಿ ನೋಡಿ. ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ತೇಲುವ ಕಾಯಿಗಳಿಂದ ಬಲವಾದ ಸಸಿ ಬರುತ್ತದೆ. ಅಡ್ಡ ಮಲಗುವ ಕಾಯಿಗಳನ್ನು ತೆಗೆದಿಡಿ. ಆರಿಸಿದ ಬೀಜವನ್ನು ತಡಮಾಡದೆ ಮರಳಿನ ಮಡಿಯಲ್ಲಿ ತೊಟ್ಟು ಮೇಲಾಗಿ ಊರಬೇಕು. ಎರಡು ಮೂರು ಎಲೆ ಬಂದಾಗ ಪಾಲಿಥಿನ್ ಚೀಲಕ್ಕೆ ಬದಲಿಸಬೇಕು. ಒಂದರಿಂದ ಒಂದೂವರೆ ವರ್ಷದ, ಐದಕ್ಕಿಂತ ಹೆಚ್ಚು ಎಲೆಯುಳ್ಳ ಗಿಡ್ಡ ಸಸಿ ತೋಟಕ್ಕೆ ಹೋಗಲಿ. ಎತ್ತರಕ್ಕೆ ಸೊರಗಿ ಬೆಳೆದ ಸಸಿ ನೋಡಲು ಚೆಂದ, ನೆಡಲು ಬೇಡ.

ನೆಲ ನೋಡಿ ನೆಡಿ

ಹುಲಿಕಲ್ ಸುತ್ತಿನ ಮಳೆಗೂ ಆನಂದಪುರದ ಮಳೆಗೂ ಅಜಗಜಾಂತರ. ಅದೇ ಹವೆಯಲ್ಲಿ ಬಾಳಿ ತೋರಿಸಿದ ಹತ್ತಿರದ ತೋಟದ ಬೀಜವೇ ಹೆಚ್ಚು ಭರವಸೆಯದು. ಎಲೆಚುಕ್ಕೆ ರೋಗ ಬಿದ್ದ ತೋಟದಿಂದ ಸಸಿ ತರಬೇಡಿ. ಸಸಿಯ ಜೊತೆ ರೋಗವೂ ಬಂದೀತು. ಎಂಥ ಒಳ್ಳೆಯ ಬೀಜವಾದರೂ ಬಸಿಗಾಲುವೆ ತೆಗೆಯದೆ, ಕೊಳೆಗೆ ಬೋರ್ಡೋ ಹೊಡೆಯದೆ ಕುಳಿತರೆ ಕಾಪಾಡದು.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಸಸಿಯಲ್ಲಿ ಉಳಿಯುವುದು ಕೆಲವು ರೂಪಾಯಿ. ಕಳೆಯಬಹುದಾದದ್ದು ಮಕ್ಕಳ ಕಾಲದ ಫಸಲು.